ಸ್ಪೀಕರ್ ಜೋಡಣೆ: ರೀಸೆಟ್ ಮೊದಲ ಮದ್ದಾಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಸ್ಮಾರ್ಟ್ ಸ್ಪೀಕರ್ ಫೋನಿಗೆ ಜೋಡಣೆಯಾಗದೆ ಸತಾಯಿಸಿದಾಗ ಸಿಗುವ ಸಲಹೆ ಬಹುತೇಕ ಒಂದೇ: ‘ರೀಸೆಟ್ ಮಾಡಿ ನೋಡಿ’. ಸಹಾಯವಾಣಿಯವರೂ ಅದನ್ನೇ ಹೇಳುತ್ತಾರೆ, ಪಕ್ಕದ ಮನೆಯ ಹುಡುಗನೂ ಅದನ್ನೇ ಹೇಳುತ್ತಾನೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ಚಿಕಿತ್ಸೆಯಲ್ಲಿ ಸ್ಪೀಕರಿನೊಳಗಿನ ವೈ-ಫೈ ವಿವರ, ಬ್ಲೂಟೂತ್ ಜೋಡಿಗಳು, ಖಾತೆಯ ನಂಟು ಎಲ್ಲವೂ ಅಳಿಸಿಹೋಗುತ್ತವೆ. ದೋಷ ರೂಟರಿನಲ್ಲೋ ಫೋನಿನಲ್ಲೋ ಇದ್ದರೆ ಅದು ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲು ಫೋನಿನ ಹಾಡು ಮಾತ್ರ ಬರುತ್ತಿರಲಿಲ್ಲ, ರೀಸೆಟ್ ಆದ ಮೇಲೆ ಯಾವುದೂ ಬರುವುದಿಲ್ಲ. ವೈರ್‌ಲೆಸ್ ಉಪಕರಣಗಳ ದುರಸ್ತಿಯಲ್ಲೇ ಇರುವ ನಾವು ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಬೇಕೆಂದಿದ್ದೇವೆ. ಪತ್ರ ಉದ್ದವಾದರೆ ಮನ್ನಿಸಿ, ದಯವಿಟ್ಟು ಕತ್ತರಿಸಬೇಡಿ.

‘ಕನೆಕ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕೊಂಡಿಗಳಿವೆ. ಒಂದು, ಸ್ಪೀಕರ್ ರೂಟರಿನ ವೈ-ಫೈಗೆ ಸೇರಿಕೊಳ್ಳುವುದು. ಇನ್ನೊಂದು, ಫೋನಿನಿಂದ ಸ್ಪೀಕರಿಗೆ ನೇರವಾಗಿ ಬ್ಲೂಟೂತ್ ಮೂಲಕ ಹಾಡು ಕಳಿಸುವುದು. ಮೂರನೆಯದು, ಒಂದೇ ವೈ-ಫೈನಲ್ಲಿರುವ ಫೋನಿನ ಆ್ಯಪ್‌ಗೆ ಸ್ಪೀಕರ್ ಕಣ್ಣಿಗೆ ಬೀಳುವುದು. ಯಾವ ಕೊಂಡಿ ಕಳಚಿದೆ ಎಂದು ತಿಳಿಯದೆ ಯಾವ ಬಟನ್ ಒತ್ತಿದರೂ ಕತ್ತಲಲ್ಲಿ ಕೈಯಾಡಿಸಿದ ಹಾಗೆಯೇ.

ತಿಳಿಯುವ ದಾರಿ ಸುಲಭ. ಫೋನನ್ನು ಬದಿಗಿಟ್ಟು ಸ್ಪೀಕರನ್ನೇ ‘ನಾಳೆ ಮಳೆ ಬರುತ್ತದೆಯೇ’ ಎಂದು, ಅದಕ್ಕೆ ಗೊತ್ತಿರುವ ಭಾಷೆಯಲ್ಲಿ ಕೇಳಿ. ಹವಾಮಾನದ ಉತ್ತರ ಇಂಟರ್ನೆಟ್ಟಿನಿಂದಲೇ ಬರಬೇಕು. ಉತ್ತರ ಬಂತೆಂದರೆ ಸ್ಪೀಕರ್, ರೂಟರ್, ಇಂಟರ್ನೆಟ್ ಮೂರೂ ಸರಿ ಇವೆ, ವೈ-ಫೈ ಪಾಸ್‌ವರ್ಡ್ ತಡಕುವ ಅಗತ್ಯವೇ ಇಲ್ಲ. ಆಗ ತೊಂದರೆ ಬ್ಲೂಟೂತಿನಲ್ಲಿದೆ, ಇಲ್ಲವೇ ಫೋನಿಗೆ ಸ್ಪೀಕರ್ ಕಾಣಿಸುತ್ತಿಲ್ಲ. ‘ಇಂಟರ್ನೆಟ್ ಸಂಪರ್ಕದಲ್ಲಿ ತೊಂದರೆಯಿದೆ’ ಎಂದು ಸ್ಪೀಕರೇ ಹೇಳಿದರೆ ಮೊದಲ ಕೊಂಡಿಯ ಕಡೆಗೆ ತಿರುಗಿ. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ದಿನದ ಪರದಾಟವನ್ನು ತಪ್ಪಿಸುತ್ತದೆ.

ಹೆಚ್ಚು ದೂರು ಬರುವುದು ಬ್ಲೂಟೂತಿನ ಬಗ್ಗೆ, ಅಲ್ಲಿಂದಲೇ ಶುರುಮಾಡೋಣ. ಮೊದಲ ಸಲ ಜೋಡಿಯಾಗುವಾಗ ಫೋನ್ ಮತ್ತು ಸ್ಪೀಕರ್ ಸೇರಿ 128 ಬಿಟ್‌ನ ಒಂದು ಗುಪ್ತ ಕೀಲಿ ರೂಪಿಸಿಕೊಂಡು, ಎರಡೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ಮುಂದೆ ಪ್ರತಿ ಸಲ ಸಂಪರ್ಕವಾಗುವಾಗಲೂ ಆ ಕೀಲಿಗಳು ತಾಳೆಯಾಗಬೇಕು. ಫೋನ್ ಬದಲಾದಾಗ, ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ಅಳಿಸಿದಾಗ, ಸ್ಪೀಕರನ್ನು ರೀಸೆಟ್ ಮಾಡಿದಾಗ ಒಂದು ಕಡೆಯ ಕೀಲಿ ಹೋಗಿ ಇನ್ನೊಂದು ಕಡೆ ಹಳೆಯದು ಉಳಿಯುತ್ತದೆ. ಫೋನಿನ ಪಟ್ಟಿಯಲ್ಲಿ ಸ್ಪೀಕರಿನ ಹೆಸರು ಕಾಣುತ್ತದೆ, ಮುಟ್ಟಿದರೆ ‘ಕನೆಕ್ಟಿಂಗ್’ ಎನ್ನುತ್ತದೆ, ಎರಡು ಸೆಕೆಂಡಿನಲ್ಲಿ ಮತ್ತೆ ಮೊದಲಿನಂತೆ. ಈ ಲಕ್ಷಣ ಕಂಡರೆ ಬಹುಪಾಲು ಕೀಲಿ ತಾಳೆಯಾಗದ ರೋಗವೇ.

ಮದ್ದು ಎರಡೂ ಕಡೆ ಮರೆಸುವುದು. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲ. ಹೆಚ್ಚಿನವರು ಫೋನಿನಲ್ಲಿ ಮಾತ್ರ ‘ಫರ್ಗೆಟ್’ ಒತ್ತಿ ಕೈಬಿಡುತ್ತಾರೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಸ್ಪೀಕರಿನ ಹೆಸರಿನ ಪಕ್ಕದ ಹಲ್ಲುಚಕ್ರದ ಚಿತ್ರ ಮುಟ್ಟಿ ಮರೆಸಿ. ಐಫೋನಿನಲ್ಲಾದರೆ ಅಲ್ಲಿ ವೃತ್ತದೊಳಗೆ ‘ಐ’ ಅಕ್ಷರ ಇರುತ್ತದೆ. ಆಮೇಲೆ ಸ್ಪೀಕರಿನ ಆ್ಯಪ್ ತೆರೆದು, ಆ ಸ್ಪೀಕರಿನ ಸೆಟ್ಟಿಂಗ್ಸ್‌ನಲ್ಲಿರುವ ಬ್ಲೂಟೂತ್ ಪಟ್ಟಿಯಿಂದ ಫೋನಿನ ಹೆಸರನ್ನೂ ತೆಗೆಯಿರಿ. ನಂತರ ಫೋನಿನ ಬ್ಲೂಟೂತನ್ನು ಒಮ್ಮೆ ಆಫ್ ಮಾಡಿ. ಸ್ಪೀಕರಿನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ಸ್ಪೀಕರ್ ಪೂರ್ತಿ ಎದ್ದ ಮೇಲೆ ಅದನ್ನು ಪೇರಿಂಗ್ ಸ್ಥಿತಿಗೆ, ಅಂದರೆ ಹೊಸ ಜೋಡಿಗೆ ಕಾಯುವ ಸ್ಥಿತಿಗೆ, ತನ್ನಿ: ಅಮೆಜಾನ್‌ನ ಎಕೋ ಆದರೆ ‘ಅಲೆಕ್ಸಾ, ಪೇರ್’ ಎಂದರೆ ಸಾಕು, ಗೂಗಲ್ ಸ್ಪೀಕರಿಗೆ ‘ಹೇ ಗೂಗಲ್, ಬ್ಲೂಟೂತ್ ಪೇರಿಂಗ್’ ಎನ್ನಬೇಕು. ಈಗ ಫೋನಿನ ಬ್ಲೂಟೂತ್ ಆನ್ ಮಾಡಿ, ಹೊಸ ಸಾಧನ ಹುಡುಕುವ ಪುಟವನ್ನು ತೆರೆದೇ ಇಟ್ಟು, ಹೆಸರು ಬಂದ ಕೂಡಲೇ ಮುಟ್ಟಿ. ಪೇರಿಂಗ್ ಸ್ಥಿತಿ ಸದಾ ಇರುವುದಿಲ್ಲ, ಕೆಲವು ನಿಮಿಷಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಮೆನು ಹುಡುಕುತ್ತಾ ಕುಳಿತರೆ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಹಾಗಾಗಿ ಪೇರಿಂಗ್ ಆಜ್ಞೆ ಕೊಡುವ ಮೊದಲೇ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್ ಪುಟ ತೆರೆದಿರಲಿ.

ಪಿನ್ ಕೇಳಿದರೆ ಗಾಬರಿ ಬೇಡ. ಬ್ಲೂಟೂತ್ 2.1 ಬಂದ ಮೇಲಿನ ಸಾಧನಗಳಿಗೆ ಸಾಮಾನ್ಯವಾಗಿ ಪಿನ್ ಬೇಕಿಲ್ಲ. ಅದಕ್ಕೂ ಹಳೆಯದಾದರೆ 0000 ಅಥವಾ 1234 ಹಾಕಿ ನೋಡಿ.

ಹೆಸರೇ ಕಾಣದಿದ್ದರೆ ಮನೆಯ ಇತರ ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ಗಳ ಕಡೆ ಕಣ್ಣು ಹಾಯಿಸಿ. ಸ್ಪೀಕರಿಗೆ ಕರೆಂಟ್ ಬಂದ ತಕ್ಷಣ ಕೊನೆಗೆ ಜೊತೆಗಿದ್ದ ಸಾಧನವನ್ನು ಹುಡುಕಿ ಸೇರಿಕೊಳ್ಳುವ ಅಭ್ಯಾಸ ಬಹಳಷ್ಟು ಮಾದರಿಗಳಿಗಿದೆ. ಒಳಕೋಣೆಯಲ್ಲಿ ಚಾರ್ಜಿಗಿಟ್ಟ ಟ್ಯಾಬ್ ಸದ್ದಿಲ್ಲದೆ ಅದನ್ನು ಹಿಡಿದುಕೊಂಡಿದ್ದರೆ ನಿಮ್ಮ ಫೋನಿಗೆ ಅದು ಸಿಗುವುದಿಲ್ಲ. ಜೋಡಿ ಮಾಡುವ ಹತ್ತು ನಿಮಿಷ ಉಳಿದ ಎಲ್ಲ ಸಾಧನಗಳ ಬ್ಲೂಟೂತ್ ಮುಚ್ಚಿಡಿ. ಸ್ಪೀಕರ್ ನೆನಪಿಟ್ಟುಕೊಳ್ಳುವ ಜೋಡಿಗಳ ಸಂಖ್ಯೆಗೂ ಮಿತಿಯಿದೆ. ಪಟ್ಟಿ ತುಂಬಿದ ಮೇಲೆ ಕೆಲವು ಮಾದರಿಗಳು ಹಳೆಯದನ್ನು ತಾವೇ ಅಳಿಸುತ್ತವೆ, ಕೆಲವು ಹೊಸದನ್ನು ಒಪ್ಪುವುದೇ ಇಲ್ಲ. ಬಂದುಹೋದ ನೆಂಟರಿಷ್ಟರ ಫೋನುಗಳು ಪಟ್ಟಿಯಲ್ಲಿದ್ದರೆ ಗುಡಿಸಿ ಹಾಕಿ.

ಜೋಡಿಯಾಗಿದೆ, ‘ಕನೆಕ್ಟೆಡ್’ ಎಂದೂ ಇದೆ, ಆದರೆ ಹಾಡು ಫೋನಿನಲ್ಲೇ ಬರುತ್ತಿದೆ ಎಂಬ ದೂರಿಗೆ ಕಾರಣ ಬೇರೆ. ಬ್ಲೂಟೂತಿನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಆಂಡ್ರಾಯ್ಡ್‌ನಲ್ಲಿ ಅದೇ ಹಲ್ಲುಚಕ್ರದ ಒಳಗೆ ‘ಮೀಡಿಯಾ ಆಡಿಯೋ’ ಎಂಬ ಸ್ವಿಚ್ ಇರುತ್ತದೆ, ಅದು ಆಫ್ ಆಗಿದ್ದರೆ ಸಂಪರ್ಕವಿದ್ದರೂ ಹಾಡು ಹರಿಯದು. ಇನ್ನೊಂದು ಮಾತು: ಆ್ಯಪಲ್‌ನ ಹೋಮ್‌ಪಾಡ್‌ನೊಳಗೆ ಬ್ಲೂಟೂತ್ ಚಿಪ್ ಇದ್ದರೂ ಫೋನಿನಿಂದ ಬ್ಲೂಟೂತ್ ಮೂಲಕ ಹಾಡು ಕಳಿಸಲು ಅದು ಒಪ್ಪುವುದಿಲ್ಲ. ಅದು ಹಾಡನ್ನು ತೆಗೆದುಕೊಳ್ಳುವುದು ಏರ್‌ಪ್ಲೇ ಮೂಲಕ, ಅಂದರೆ ವೈ-ಫೈ ದಾರಿಯಲ್ಲಿ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೋಮ್‌ಪಾಡ್ ಹುಡುಕಿ ದಣಿಯುವುದರಲ್ಲಿ ಅರ್ಥವಿಲ್ಲ.

ಇನ್ನು ವೈ-ಫೈ. ಪರದೆ, ಕೀಲಿಮಣೆ ಇಲ್ಲದ ಡಬ್ಬಿಗೆ ಪಾಸ್‌ವರ್ಡ್ ತಿಳಿಸುವುದು ಹೇಗೆ? ಸೆಟಪ್ ಸಮಯದಲ್ಲಿ ಸ್ಪೀಕರ್ ತನ್ನದೇ ಒಂದು ತಾತ್ಕಾಲಿಕ ಹಾಟ್‌ಸ್ಪಾಟ್ ಎಬ್ಬಿಸುತ್ತದೆ, ಇಲ್ಲವೇ ಬ್ಲೂಟೂತ್ ಎಲ್‌ಇ ಎಂಬ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಮೂಲಕ ತನ್ನ ಇರವನ್ನು ಸಾರುತ್ತದೆ. ಫೋನಿನ ಆ್ಯಪ್ ಅದನ್ನು ಕಂಡುಹಿಡಿದು, ರೂಟರಿನ ಹೆಸರು ಮತ್ತು ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳುತ್ತದೆ. ಇಲ್ಲಿ ಎಡವುವುದು ಹೆಚ್ಚಾಗಿ ಫೋನೇ. ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಆ್ಯಪ್ ಸುತ್ತಲಿನ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಲೊಕೇಶನ್ ಅನುಮತಿ ಕೊಟ್ಟಿರಬೇಕು, ಲೊಕೇಶನ್ ಆನ್ ಕೂಡ ಆಗಿರಬೇಕು. ಆಂಡ್ರಾಯ್ಡ್ 12ರಿಂದ ‘ಸಮೀಪದ ಸಾಧನಗಳು’ ಎಂಬ ಬೇರೆ ಅನುಮತಿ ಬಂದಿದೆ. ಐಫೋನಿನಲ್ಲಿ ಐಒಎಸ್ 14ರಿಂದ ‘ಲೋಕಲ್ ನೆಟ್‌ವರ್ಕ್’ ಎಂಬ ಅನುಮತಿ ಇದೆ. ಮೊದಲ ಸಲ ಆ್ಯಪ್ ಕೇಳಿದಾಗ ಎಚ್ಚರಿಕೆಯ ಮನುಷ್ಯ ‘ಬೇಡ’ ಒತ್ತಿರುತ್ತಾನೆ, ಅದು ತಪ್ಪೂ ಅಲ್ಲ. ಆದರೆ ಆಮೇಲೆ ಆ್ಯಪ್ ‘ಸ್ಪೀಕರ್ ಸಿಗಲಿಲ್ಲ’ ಎಂದಷ್ಟೇ ಹೇಳುತ್ತದೆ, ‘ನೀವು ನನಗೆ ಅನುಮತಿ ಕೊಟ್ಟಿಲ್ಲ’ ಎಂದು ಬಾಯಿಬಿಡುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಅನುಮತಿಗಳ ಪುಟವನ್ನು ಮೊದಲು ನೋಡಿ. ಫೋನಿನ ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ಸುತ್ತಿಸುವ ವಿಪಿಎನ್ ಇದ್ದರೆ ಸೆಟಪ್ ಮುಗಿಯುವವರೆಗೆ ನಿಲ್ಲಿಸಿ.

ಹಾಟ್‌ಸ್ಪಾಟ್ ಎಬ್ಬಿಸುವ ಮಾದರಿಗಳಲ್ಲಿ ಇನ್ನೊಂದು ಹಳ್ಳ ಕಾದಿದೆ. ಸ್ಪೀಕರಿನ ಆ ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇರುವುದಿಲ್ಲ. ಜಾಣ ಫೋನ್ ಅದನ್ನು ಗಮನಿಸಿ ತಾನಾಗಿ ಮೊಬೈಲ್ ಡೇಟಾಕ್ಕೋ ಹಳೆಯ ವೈ-ಫೈಗೋ ಜಿಗಿಯುತ್ತದೆ, ಸೆಟಪ್ ನಡುವಿನಲ್ಲೇ ಮುರಿಯುತ್ತದೆ. ‘ಈ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕೇ’ ಎಂದು ಫೋನ್ ಕೇಳಿದರೆ ‘ಹೌದು’ ಎನ್ನಿ. ಕೇಳದೆಯೇ ಜಿಗಿಯುತ್ತಿದ್ದರೆ ಆ ಐದು ನಿಮಿಷ ಮೊಬೈಲ್ ಡೇಟಾ ಮುಚ್ಚಿಡಿ.

ಪಾಸ್‌ವರ್ಡ್ ತಪ್ಪಾಗುವುದು ಬೆರಳಿನ ತಪ್ಪಿನಿಂದಷ್ಟೇ ಅಂದುಕೊಳ್ಳಬೇಡಿ. ಫೋನಿನ ಕೀಲಿಮಣೆ ಮೊದಲ ಅಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡುತ್ತದೆ, ಪದದ ಸಲಹೆ ಮುಟ್ಟಿದರೆ ಕೊನೆಗೊಂದು ಖಾಲಿ ಜಾಗ ಅಂಟಿಸುತ್ತದೆ. ಕಣ್ಣಿನ ಚಿತ್ರ ಮುಟ್ಟಿ, ಅಕ್ಷರಗಳನ್ನು ಬಯಲು ಮಾಡಿಕೊಂಡು, ಕೊನೆಯಲ್ಲಿ ಒಮ್ಮೆ ಅಳಿಸುವ ಕೀಲಿ ಒತ್ತಿ ಖಾಲಿ ಜಾಗವೋ ಅಕ್ಷರವೋ ಯಾವುದು ಹೋಯಿತು ಎಂದು ಪರೀಕ್ಷಿಸಿ.

ವೈ-ಫೈಗೆ ಕನ್ನಡದಲ್ಲೇ ಹೆಸರಿಡುವ ಪ್ರೀತಿಯುಳ್ಳವರಿಗೆ ಒಂದು ವಿಷಯ ಹೇಳಲೇಬೇಕು. ವೈ-ಫೈ ಹೆಸರಿಗೆ ಸಿಗುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ನಮ್ಮನೆ’ ಎಂಬುದು ಕಣ್ಣಿಗೆ ಮೂರೇ ಅಕ್ಷರ. ಒಳಗೆ ನೋಡಿದರೆ ನ, ಮ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಮ, ನ, ಎತ್ವ, ಹೀಗೆ ಆರು ಚಿಹ್ನೆಗಳು. ಅಲ್ಲಿಗೆ 18 ಬೈಟ್. ‘ನಮ್ಮನೆ ವೈಫೈ’ ಎಂದು ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 31 ಬೈಟ್ ಆಗಿ ತುದಿಗೆ ಬಂದು ನಿಲ್ಲುತ್ತದೆ, ಇನ್ನೊಂದು ಕನ್ನಡ ಅಕ್ಷರ ಹಿಡಿಸುವುದಿಲ್ಲ. ಫೋನುಗಳು ಇಂಥ ಹೆಸರನ್ನು ಸಲೀಸಾಗಿ ಓದುತ್ತವೆ, ಆದರೆ ಸ್ಪೀಕರಿನಂಥ ಸಣ್ಣ ಸಾಧನಗಳ ಸಾಫ್ಟ್‌ವೇರ್ ಎಲ್ಲ ಕಡೆ ಅಷ್ಟು ಪಳಗಿಲ್ಲ. ಕನ್ನಡ ಹೆಸರಿನ ವೈ-ಫೈಗೆ ಸ್ಪೀಕರ್ ಸೇರದಿದ್ದರೆ ರೂಟರಿನಲ್ಲಿ ಹತ್ತು ನಿಮಿಷಕ್ಕೆ ಸರಳವಾದ ಇಂಗ್ಲಿಷ್ ಹೆಸರಿಟ್ಟು ಪರೀಕ್ಷಿಸಿ. ಸೇರಿತೆಂದರೆ ರೋಗ ಸಿಕ್ಕಿತು. ಪಾಸ್‌ವರ್ಡ್ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಲ್ಲೇ ಇರಲಿ: ಡಬ್ಲ್ಯೂಪಿಎ2 ಎಂಬ ವೈ-ಫೈ ಭದ್ರತಾ ಪದ್ಧತಿ 8ರಿಂದ 63 ಅಕ್ಷರಗಳ ಅಂಥ ಪಾಸ್‌ವರ್ಡಿಗಾಗಿಯೇ ರೂಪಿಸಿದ್ದು.

ಹೊಸ ರೂಟರ್ ತಂದ ದಿನವೇ ಹಳೆಯ ಸ್ಪೀಕರ್ ಮುನಿಸಿಕೊಂಡರೆ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ಪುಟ ತೆರೆಯಿರಿ. ಅಲ್ಲಿ ಹೊಸ ಪದ್ಧತಿಯಾದ ಡಬ್ಲ್ಯೂಪಿಎ3 ಮಾತ್ರ ಎಂದು ಇಟ್ಟಿದ್ದರೆ ಡಬ್ಲ್ಯೂಪಿಎ2 ಮಾತ್ರ ತಿಳಿದ ಸ್ಪೀಕರ್ ಒಳಗೆ ಬರಲಾರದು. ಎರಡನ್ನೂ ಒಪ್ಪುವ ಮಿಶ್ರ ಸ್ಥಿತಿ ಇರುತ್ತದೆ, ಅದನ್ನು ಆರಿಸಿ. ಅದಕ್ಕೂ ಬಗ್ಗದಿದ್ದರೆ ಡಬ್ಲ್ಯೂಪಿಎ2, ಎಇಎಸ್ ಎಂದಿಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡುವುದಾಗಲಿ, ಹಳೆಯ ಡಬ್ಲ್ಯೂಇಪಿಗೆ ಇಳಿಯುವುದಾಗಲಿ ಖಂಡಿತ ಬೇಡ, ‘ಕನೆಕ್ಟ್ ಆಯಿತಲ್ಲ’ ಎಂಬ ಸಮಾಧಾನಕ್ಕೆ ಮನೆಯ ಬಾಗಿಲನ್ನೇ ತೆರೆದಿಟ್ಟಂತೆ.

ವೈ-ಫೈ ಅಲೆಗಳಿಗಿರುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ದಾರಿಗಳ ಗೊಂದಲವೂ ದೊಡ್ಡದು. 2.4 ನಿಧಾನವಾದರೂ ಗೋಡೆ ದಾಟುತ್ತದೆ, 5 ವೇಗವಾಗಿದ್ದರೂ ಗೋಡೆಗೆ ಬೇಗ ಸೋಲುತ್ತದೆ. ಅಗ್ಗದ ಮತ್ತು ಹಳೆಯ ಮಾದರಿಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು. ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟು ತನಗೆ ತೋಚಿದ ಕಡೆ ತಳ್ಳುತ್ತಿದ್ದರೆ, ಸೆಟಪ್ ಮುಗಿಯುವ ತನಕ ಎರಡಕ್ಕೂ ಬೇರೆ ಬೇರೆ ಹೆಸರಿಡಿ, ಫೋನನ್ನೂ 2.4ಕ್ಕೇ ಸೇರಿಸಿ. ಮುಗಿದ ಮೇಲೆ ಫೋನ್ 5ಕ್ಕೆ ಹೋದರೂ ತೊಂದರೆಯಿಲ್ಲ, ಎರಡೂ ಒಂದೇ ರೂಟರಿನ ಮಕ್ಕಳು. ಪ್ರತಿ ದಾರಿಯೊಳಗಿನ ಓಣಿಗಳಿಗೆ ಚಾನಲ್ ಎನ್ನುತ್ತಾರೆ. 2.4ರಲ್ಲಿ ಚಾನಲ್ ಅಗಲ 20 ಮೆಗಾಹರ್ಟ್ಸ್ ಇರಲಿ, ಚಾನಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದಿರಲಿ, ಈ ಮೂರು ಮಾತ್ರ ಒಂದರ ಮೇಲೊಂದು ಬೀಳದವು. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋಗಿ ಕುಳಿತರೆ, ಆ ಚಾನಲ್‌ಗಳಿಗೆ ಅವಕಾಶವಿಲ್ಲದ ದೇಶಕ್ಕೆಂದು ತಯಾರಾದ ಸ್ಪೀಕರಿಗೆ ಆ ವೈ-ಫೈ ಇದೆ ಎಂಬುದೇ ತಿಳಿಯದು. 5ರಲ್ಲೂ ಇದೇ ಕಥೆ: 52ರಿಂದ 144ರವರೆಗಿನ ಚಾನಲ್‌ಗಳನ್ನು ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕಾಗಿರುವುದರಿಂದ ಕೆಲವು ಸ್ಪೀಕರ್‌ಗಳು ಅತ್ತ ಸುಳಿಯುವುದೇ ಇಲ್ಲ. 36ರಿಂದ 48ರೊಳಗೆ ಇಟ್ಟರೆ ನಿಶ್ಚಿಂತೆ.

ಹಾಸ್ಟೆಲ್, ಹೋಟೆಲ್, ಕಚೇರಿಗಳಲ್ಲಿ ಸ್ಪೀಕರ್ ಹಚ್ಚಲು ಹೋಗಿ ಸೋಲುವವರಿಗೆ ಇಷ್ಟೇ ಹೇಳಬಹುದು. ವೈ-ಫೈ ಸೇರಿದ ಮೇಲೆ ಬ್ರೌಸರ್ ಪುಟದಲ್ಲಿ ಒಟಿಪಿಯೋ ಕೋಣೆ ಸಂಖ್ಯೆಯೋ ಕೇಳುವ ಕಡೆ, ಅಥವಾ ಒಬ್ಬೊಬ್ಬರಿಗೂ ಬೇರೆ ಯೂಸರ್‌ನೇಮ್ ಇರುವ ಕಡೆ ಪರದೆಯಿಲ್ಲದ ಸ್ಪೀಕರ್ ಬಹುಪಾಲು ಸೇರುವುದಿಲ್ಲ. ಅಲ್ಲಿ ಬೇರೊಂದು ಫೋನಿನ ಹಾಟ್‌ಸ್ಪಾಟೇ ದಾರಿ, ಅದನ್ನೂ 2.4ರಲ್ಲೇ ಇಡಿ.

ಮೂರನೆಯ ಕೊಂಡಿಗೆ ಬರೋಣ. ಸ್ಪೀಕರ್ ಪ್ರಶ್ನೆಗೆ ಉತ್ತರಿಸುತ್ತದೆ, ಫೋನಿನಲ್ಲೂ ಇಂಟರ್ನೆಟ್ ಇದೆ, ಆದರೆ ಹಾಡಿನ ಆ್ಯಪ್‌ನಲ್ಲಿ ಸ್ಪೀಕರಿನ ಹೆಸರು ಬರುವುದಿಲ್ಲ. ಬಹಳ ಮಂದಿ ಇದನ್ನೂ ‘ಪೇರಿಂಗ್ ಹೋಯಿತು’ ಎನ್ನುತ್ತಾರೆ. ಇಲ್ಲಿ ಪೇರಿಂಗ್ ಎಂಬುದೇ ಇಲ್ಲ. ಫೋನ್ ಮನೆಯ ನೆಟ್‌ವರ್ಕಿನಲ್ಲಿ ‘ಇಲ್ಲಿ ಸ್ಪೀಕರ್ ಯಾರಾದರೂ ಇದ್ದೀರಾ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಸ್ಪೀಕರ್ ‘ನಾನಿದ್ದೇನೆ’ ಎನ್ನುತ್ತದೆ. ಈ ಕೂಗಿಗೆ ಮಲ್ಟಿಕಾಸ್ಟ್ ಎಂದು ಹೆಸರು. ಕೂಗು ತಲುಪದಿದ್ದರೆ ಸ್ಪೀಕರ್ ಪಕ್ಕದಲ್ಲೇ ಇದ್ದರೂ ಫೋನಿಗೆ ಇಲ್ಲದಂತೆಯೇ.

ಪರೀಕ್ಷೆ ಹೀಗೆ. ಫೋನಿನ ವೈ-ಫೈ ವಿವರದಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕೆ ಸಿಕ್ಕಿರುವ ಸಂಖ್ಯೆ, ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಸ್ಪೀಕರಿನ ಐಪಿ ವಿಳಾಸ ಅದರ ಆ್ಯಪ್‌ನಲ್ಲೋ, ರೂಟರಿನ ‘ಸೇರಿರುವ ಸಾಧನಗಳು’ ಪಟ್ಟಿಯಲ್ಲೋ ಸಿಗುತ್ತದೆ. ಫೋನ್ 192.168.1.23, ಸ್ಪೀಕರ್ 192.168.1.40 ಎಂದಿದ್ದರೆ ಚುಕ್ಕಿಗಳ ನಡುವಿನ ಮೊದಲ ಮೂರು ಅಂಕಿಗಳು (192, 168, 1) ಒಂದೇ, ಎರಡೂ ಒಂದೇ ಜಗಲಿಯಲ್ಲಿವೆ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಶುರುವಾದರೆ ಮನೆಯಲ್ಲಿ ಎರಡು ರೂಟರ್‌ಗಳು ಬೇರೆ ಬೇರೆ ಸಂಸಾರ ಹೂಡಿವೆ. ಇಂಟರ್ನೆಟ್ ಕಂಪನಿಯವರು ಇಟ್ಟುಹೋದ ಮೋಡೆಮ್ಮಿಗೂ ವೈ-ಫೈ ಇದ್ದು, ಅದರ ಹಿಂದೆ ಇನ್ನೊಂದು ರೂಟರ್ ಸಿಕ್ಕಿಸಿದ ಮನೆಗಳಲ್ಲಿ ಹೀಗಾಗುತ್ತದೆ. ಎರಡನೆಯ ರೂಟರನ್ನು, ತಾನೇ ವಿಳಾಸ ಹಂಚದೆ ವೈ-ಫೈ ಮಾತ್ರ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರೆ ಅಥವಾ ಫೋನ್, ಸ್ಪೀಕರ್ ಎರಡನ್ನೂ ಒಂದೇ ರೂಟರಿಗೆ ಸೇರಿಸಿದರೆ ಮುಗಿಯಿತು.

ಅಂಕಿಗಳು ಒಂದೇ ಆಗಿದ್ದೂ ಕಾಣದಿದ್ದರೆ ಗೆಸ್ಟ್ ವೈ-ಫೈ ನೋಡಿ. ಅತಿಥಿಗಳ ಸಾಧನಗಳು ಒಂದನ್ನೊಂದು ಮುಟ್ಟದಿರಲೆಂದು ಅದರಲ್ಲಿ ಬೇಲಿ ಹಾಕಿರುತ್ತಾರೆ. ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಎಂಬ ಆಯ್ಕೆ ಮುಖ್ಯ ವೈ-ಫೈನಲ್ಲೂ ಆನ್ ಆಗಿರಬಹುದು, ತೆಗೆಯಿರಿ. ಅದೂ ಸರಿಯಿದ್ದರೆ ರೂಟರಿನ ‘ಐಜಿಎಂಪಿ ಸ್ನೂಪಿಂಗ್’ ಎಂಬ ಆಯ್ಕೆಯನ್ನು ಒಮ್ಮೆ ಬದಲಿಸಿ ನೋಡಿ. ಮಲ್ಟಿಕಾಸ್ಟ್ ಕೂಗನ್ನು ಬೇಕಾದವರಿಗಷ್ಟೇ ಮುಟ್ಟಿಸುವ ಈ ಸೌಲಭ್ಯ ಕೆಲವು ರೂಟರ್‌ಗಳಲ್ಲಿ ಬೇಕಾದವರಿಗೂ ಮುಟ್ಟಿಸದೆ ಹೋಗುತ್ತದೆ. ಸ್ಪೀಕರ್ ರೂಟರ್ ಆನ್ ಮಾಡಿದ ಹೊಸದರಲ್ಲಿ ಕಾಣಿಸಿ, ಕೆಲ ಹೊತ್ತಿನ ಮೇಲೆ ಮಾಯವಾಗುವುದು ಇದರ ಗುರುತು.

ರೂಟರ್ ಹಂಚಬಲ್ಲ ಐಪಿ ವಿಳಾಸಗಳಿಗೂ ಲೆಕ್ಕವಿದೆ. ವಿಳಾಸದ ಕೊನೆಯ ಅಂಕಿ 100ರಿಂದ 149ರವರೆಗೆ ಎಂದು ಇಟ್ಟಿದ್ದರೆ ಸಿಗುವುದು 50. ದೀಪ, ಕ್ಯಾಮೆರಾ, ಟಿವಿ, ಬಂದುಹೋದವರ ಫೋನುಗಳು ಸೇರಿ ಅದು ಮುಗಿದಿದ್ದರೆ ಸ್ಪೀಕರ್ ಪಾಸ್‌ವರ್ಡ್ ಸರಿ ಹೇಳಿಯೂ ಬಾಗಿಲಲ್ಲೇ ನಿಲ್ಲುತ್ತದೆ. ರೂಟರಿನಲ್ಲಿ ವಿಳಾಸ ಹಂಚಿಕೆಯ ಡಿಎಚ್‌ಸಿಪಿ ಪುಟ ತೆರೆದು 149ನ್ನು 200ಕ್ಕೆ ಏರಿಸಿ.

ಇಷ್ಟೆಲ್ಲ ಸರಿಯಿದ್ದೂ ಸಂಪರ್ಕ ಬಂದು ಹೋಗಿ ಮಾಡುತ್ತಿದ್ದರೆ ಸ್ಪೀಕರ್ ಕೂತಿರುವ ಜಾಗ ನೋಡಬೇಕು. ಬ್ಲೂಟೂತ್, 2.4ರ ವೈ-ಫೈ, ಮೈಕ್ರೋವೇವ್ ಒಲೆ ಮೂರೂ ಒಂದೇ ಅಲೆಗಳ ಪಟ್ಟಿಯಲ್ಲಿವೆ. ಸಾಮಾನ್ಯ ಬ್ಲೂಟೂತ್ ಆ ಪಟ್ಟಿಯನ್ನು 79 ಕಿರುದಾರಿಗಳಾಗಿ ಸೀಳಿ, ಸೆಕೆಂಡಿಗೆ 1600 ಸಲ ದಾರಿ ಬದಲಿಸುತ್ತಾ, ಗದ್ದಲವಿರುವ ದಾರಿಗಳನ್ನು ಬಿಟ್ಟು ನಡೆಯುತ್ತದೆ. ಅಷ್ಟು ಚುರುಕಾದದ್ದೂ ಓಡುತ್ತಿರುವ ಮೈಕ್ರೋವೇವ್ ಪಕ್ಕದಲ್ಲಿ ತೊದಲುತ್ತದೆ. ಯುಎಸ್‌ಬಿ 3.0 ಕೇಬಲ್, ಹಾರ್ಡ್‌ಡಿಸ್ಕ್‌ಗಳಿಂದಲೂ 2.4ರಲ್ಲಿ ಗದ್ದಲ ಏಳುತ್ತದೆ, ಲ್ಯಾಪ್‌ಟಾಪ್ ಮಾತ್ರ ಸ್ಪೀಕರಿಗೆ ಸೇರುತ್ತಿಲ್ಲವೆಂದರೆ ಅದಕ್ಕೆ ಸಿಕ್ಕಿಸಿದ ಇಂಥವನ್ನು ಕಿತ್ತು ನೋಡಿ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವು ಅಲೆಗಳಿಗೆ ಗೋಡೆಗಿಂತ ಕಷ್ಟ. ನೀರು ಈ ಅಲೆಗಳನ್ನು ಹೀರುತ್ತದೆ, ಮನುಷ್ಯನ ಮೈಯೂ ಬಹುಪಾಲು ನೀರೇ. ಫೋನನ್ನು ಹಿಂಬದಿಯ ಜೇಬಿಗೆ ಹಾಕಿ ಸ್ಪೀಕರಿಗೆ ಮುಖಮಾಡಿ ನಿಂತರೆ ಹಾಡು ತುಂಡಾಗುವುದು ಅದರಿಂದ. ಜೋಡಿ ಮಾಡುವಾಗ ಫೋನ್ ಮತ್ತು ಸ್ಪೀಕರ್ ಒಂದು ಮೀಟರ್ ಒಳಗಿರಲಿ, ಸ್ಪೀಕರ್ ರೂಟರ್ ಇರುವ ಕೋಣೆಯಲ್ಲೇ ಇರಲಿ. ಜೋಡಿಯಾದ ಮೇಲೆ ಅದರ ಸ್ವಸ್ಥಾನಕ್ಕೆ ಒಯ್ಯಿರಿ. ಅಲ್ಲಿ ಮತ್ತೆ ಕಳಚಿದರೆ ದೋಷ ಜಾಗದ್ದು. ರೂಟರ್ ಆ್ಯಪ್ ಸಿಗ್ನಲ್ ಬಲವನ್ನು ಅಂಕಿಯಲ್ಲಿ ತೋರಿಸಿದರೆ ಮೈನಸ್ 60ರ ಆಸುಪಾಸು ಚೆನ್ನ, ಮೈನಸ್ 75 ದಾಟಿ ಮೈನಸ್ 80ರ ಕಡೆ ಇಳಿದರೆ ಹಾಡು ನಿಂತು ನಿಂತು ಬರುತ್ತದೆ.

ಅಡಾಪ್ಟರನ್ನು ಯಾರೂ ಅನುಮಾನಿಸುವುದಿಲ್ಲ. ಸ್ಪೀಕರಿನ ತಳದಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಅಚ್ಚಾಗಿರುತ್ತದೆ. ಸಿಕ್ಕ ಮೊಬೈಲ್ ಚಾರ್ಜರ್ ಹಾಕಿದರೆ ದೀಪ ಹತ್ತುತ್ತದೆ, ಮಾತೂ ಆಡುತ್ತದೆ, ಧ್ವನಿ ಏರಿಸಿದಾಗಲೋ ವೈ-ಫೈ ಹುಡುಕುವಾಗಲೋ ವಿದ್ಯುತ್ ಸಾಲದೆ ಒಳಗೊಳಗೇ ಮರುಚಾಲನೆಯಾಗುತ್ತದೆ. ಹೊರಗಿನವರಿಗೆ ಅದು ‘ಕನೆಕ್ಷನ್ ಹೋಯಿತು’ ಎಂದಷ್ಟೇ ಕಾಣುತ್ತದೆ. ಕರೆಂಟ್ ಹೋಗಿ ಬಂದ ಮೇಲೂ ಒಂದು ಕ್ರಮವಿರಲಿ: ಮೊದಲು ಮೋಡೆಮ್, ಅದರ ದೀಪಗಳು ಸ್ಥಿರವಾದ ಮೇಲೆ ರೂಟರ್, ಎರಡು ಮೂರು ನಿಮಿಷ ಬಿಟ್ಟು ಸ್ಪೀಕರ್.

ಎರಡು ಸ್ಪೀಕರ್ ಸೇರಿಸಿ ಎಡ–ಬಲ ಸ್ಟೀರಿಯೋ ಮಾಡುವವರು ಮಾದರಿ ಒಂದೇ ಆಗಿರುವಂತೆ, ಎರಡೂ ಒಂದೇ ವೈ-ಫೈ ಮತ್ತು ಒಂದೇ ಖಾತೆಯಲ್ಲಿರುವಂತೆ ನೋಡಿಕೊಳ್ಳಿ. ಹೊಸದಾಗಿ ತಂದ ಎರಡನೆಯದನ್ನು ಒಂದು ರಾತ್ರಿ ಪ್ಲಗ್‌ನಲ್ಲೇ ಬಿಟ್ಟರೆ ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಸಿಕೊಂಡು ಜೊತೆಯಾಗಲು ತಯಾರಾಗುತ್ತದೆ.

ರೀಸೆಟ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಮೇಲಿನದೆಲ್ಲ ಆದ ಮೇಲೆ, ಅಥವಾ ಸ್ಪೀಕರನ್ನು ಬೇರೆಯವರಿಗೆ ಕೊಡುವಾಗ ಮಾಡಿ. ಆಗಲೂ ಬಟನ್ ಒತ್ತುವ ಹೊತ್ತನ್ನು ಎಣಿಸಿಯೇ ಮಾಡಿ. ಮೂರನೇ, ನಾಲ್ಕನೇ ತಲೆಮಾರಿನ ಎಕೋಗಳಲ್ಲಿ ಆ್ಯಕ್ಷನ್ ಬಟನನ್ನು ಕಿತ್ತಳೆ ಬೆಳಕು ಬರುವವರೆಗೆ ಒತ್ತಿ ಬಿಟ್ಟರೆ ಸೆಟಪ್ ಸ್ಥಿತಿ, ಅದನ್ನೇ 20–25 ಸೆಕೆಂಡ್ ಹಿಡಿದರೆ ಎಲ್ಲವೂ ಅಳಿಯುತ್ತದೆ. ರೂಟರಿನ ಪಾಸ್‌ವರ್ಡ್ ಬದಲಾದದ್ದಕ್ಕೆ ಮೊದಲನೆಯದೇ ಸಾಕು. ಗೂಗಲ್‌ನ ನೆಸ್ಟ್ ಮಿನಿಯಲ್ಲಿ ಪಕ್ಕದ ಮೈಕ್ ಸ್ವಿಚ್ ಆಫ್ ಮಾಡಿ, ಮೇಲ್ಭಾಗದ ನಡುವೆ ಬೆರಳಿಟ್ಟು ಹಿಡಿಯಬೇಕು, 5 ಸೆಕೆಂಡಿಗೆ ಪ್ರಕ್ರಿಯೆ ಶುರುವಾಗುತ್ತದೆ, ಇನ್ನೂ ಸುಮಾರು 10 ಸೆಕೆಂಡ್ ಬಿಡದೆ ಹಿಡಿದರೆ ಸದ್ದು ಕೇಳಿಸುತ್ತದೆ. ಹೋಮ್‌ಪಾಡ್‌ಗೆ ಪ್ಲಗ್ ಕಿತ್ತು 10 ಸೆಕೆಂಡ್, ಹಾಕಿ 10 ಸೆಕೆಂಡ್ ಕಾದು, ನೆತ್ತಿಯ ಮೇಲೆ ಬೆರಳಿಡಿ. ಬಿಳಿ ಬೆಳಕು ಕೆಂಪಾಗಿ ಮೂರು ಬೀಪ್ ಕೇಳಿದ ಮೇಲೆಯೇ ಬೆರಳು ತೆಗೆಯಿರಿ.

ರೀಸೆಟ್ ಅವಸರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 2025ರ ಮಾರ್ಚ್ ತಿಂಗಳು ಸಾಕ್ಷಿ. ಫೋನಿನ ಚಿತ್ರ, ಹಾಡುಗಳನ್ನು ಟಿವಿಗೂ ಸ್ಪೀಕರಿಗೂ ತಲುಪಿಸುವ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಮತ್ತು ಕ್ರೋಮ್‌ಕಾಸ್ಟ್ ಆಡಿಯೋ ಸಾಧನಗಳಲ್ಲಿ, ಅವು ಅಸಲಿಯೆಂದು ಸಾರುವ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು, ಅವು ಒಮ್ಮೆಲೇ ‘ನಂಬಲಾಗದ ಸಾಧನ’ಗಳಾದವು. ಬಳಕೆದಾರರ ರೂಟರ್, ಫೋನ್ ಯಾವುದರದ್ದೂ ತಪ್ಪಿರಲಿಲ್ಲ. ರೀಸೆಟ್ ಮಾಡಬೇಡಿ ಎಂದು ಕಂಪನಿಯೇ ಹೇಳಬೇಕಾಯಿತು, ಯಾಕೆಂದರೆ ಅಷ್ಟರಲ್ಲಿ ರೀಸೆಟ್ ಮಾಡಿದ್ದವರಿಗೆ ಮತ್ತೆ ಸೆಟಪ್ ಮಾಡಲಾಗದ ಸ್ಥಿತಿ ಬಂದಿತ್ತು. ಸುಮ್ಮನೆ ಬಿಟ್ಟವರ ಸಾಧನಗಳಿಗೆ ಅಪ್‌ಡೇಟ್ ತಾನಾಗಿ ಬಂತು, ರೀಸೆಟ್ ಮಾಡಿದವರು ಆ್ಯಪ್‌ನ ಹೊಸ ಆವೃತ್ತಿಗೂ ಕಾಯಬೇಕಾಯಿತು. ನೆನ್ನೆವರೆಗೆ ಚೆನ್ನಾಗಿದ್ದದ್ದು, ಮನೆಯಲ್ಲಿ ಏನೂ ಬದಲಾಗದೆ, ಒಂದೇ ಮಾದರಿಯ ಸ್ಪೀಕರ್‌ಗಳೆಲ್ಲ ಒಟ್ಟಿಗೆ ನಿಂತರೆ ಒಂದು ದಿನ ಕಾಯಿರಿ.

ತಯಾರಕರಲ್ಲಿ ನಮ್ಮ ಒತ್ತಾಯ ಇಷ್ಟೇ. ಪಾಸ್‌ವರ್ಡ್ ತಪ್ಪಿದೆಯೇ, ಐಪಿ ವಿಳಾಸ ಸಿಗಲಿಲ್ಲವೇ, ಡಬ್ಲ್ಯೂಪಿಎ3 ಒಗ್ಗಲಿಲ್ಲವೇ, ಅನುಮತಿ ಇಲ್ಲವೇ ಎಂಬುದು ಸೋತ ಆ ಕ್ಷಣದಲ್ಲಿ ಸ್ಪೀಕರಿಗೋ ಆ್ಯಪ್‌ಗೋ ಗೊತ್ತಿರುತ್ತದೆ. ಗೊತ್ತಿದ್ದೂ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬರೆಯುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಕಾರಣವನ್ನು ಒಂದು ಸಾಲಿನಲ್ಲಿ, ಜನರ ಭಾಷೆಯಲ್ಲಿ ತೋರಿಸಬೇಕು. ಅಲ್ಲಿಯವರೆಗೆ ಸಹಾಯವಾಣಿಗೆ ಕರೆ ಮಾಡುವ ಮುನ್ನ ಓದುಗರು ಒಂದು ಚೀಟಿ ಸಿದ್ಧಪಡಿಸಿಕೊಳ್ಳಲಿ: ಸ್ಪೀಕರಿನ ತಳದಲ್ಲಿರುವ ಮಾದರಿ ಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ, ಸೋತಾಗ ಉರಿದ ಬೆಳಕಿನ ಬಣ್ಣ, ಅದು ಮಿನುಗಿತೋ ನಿಂತಿತ್ತೋ ಎಂಬುದು, ಫೋನಿನ ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿ, ರೂಟರಿನ ಭದ್ರತಾ ಪದ್ಧತಿ ಮತ್ತು ಚಾನಲ್, ಬೇರೊಂದು ಫೋನಿನ ಹಾಟ್‌ಸ್ಪಾಟಿಗೆ ಸ್ಪೀಕರ್ ಸೇರಿತೋ ಇಲ್ಲವೋ. ಈ ಕೊನೆಯ ಉತ್ತರ ‘ಸೇರಿತು’ ಎಂದಾದರೆ ಸ್ಪೀಕರನ್ನು ದುರಸ್ತಿಗೆ ಒಯ್ಯಬೇಡಿ, ರೂಟರಿನ ಪುಟ ತೆರೆಯಿರಿ. ಎರಡು ಬೇರೆ ಹಾಟ್‌ಸ್ಪಾಟುಗಳಿಗೂ ಸೇರದೆ, ಪಕ್ಕದಲ್ಲೇ ಇಟ್ಟ ಎರಡು ಫೋನುಗಳ ಬ್ಲೂಟೂತಿಗೂ ಕಾಣದೆ ಇದ್ದರೆ ಒಳಗಿನ ರೇಡಿಯೋ ಚಿಪ್ಪೋ ಆಂಟೆನಾವೋ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ವಾರಂಟಿ ಚೀಟಿ ಹುಡುಕಿ.

ಇಂತಿ ತಮ್ಮ ವಿಶ್ವಾಸಿಗಳು,
ವೈರ್‌ಲೆಸ್ ಉಪಕರಣ ದುರಸ್ತಿಯಲ್ಲಿ ತೊಡಗಿರುವ ಓದುಗರು